ಹೊಟ್ಟೆಕಿಚ್ಚಿನ ಮುಂದೆ ಇನ್‌ಸ್ಟಾಗ್ರಾಮ್‌ನ ಎರಡು ಸೌಲಭ್ಯ: ಲೈಕ್ ಮರೆಮಾಡುವುದಕ್ಕಿಂತ ಮ್ಯೂಟ್ ಮೇಲು

ಲೈಕ್ ಸಂಖ್ಯೆ ಮರೆಮಾಡುವ ಪ್ರಯೋಗವನ್ನು ಇನ್‌ಸ್ಟಾಗ್ರಾಮ್ 2019ರಲ್ಲಿ ಕೆನಡಾದಲ್ಲಿ ಶುರುಮಾಡಿತು. 2021ರ ಮೇ ತಿಂಗಳಲ್ಲಿ, ಬೇಕಾದವರು ಆರಿಸಿಕೊಳ್ಳಲಿ ಎಂದು ಎಲ್ಲರಿಗೂ ಬಿಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಹೊಟ್ಟೆಕಿಚ್ಚು ಹುಟ್ಟುವ ಜಾಗ ಬೇರೆ.

ಸೆಟ್ಟಿಂಗ್ಸ್‌ನಲ್ಲಿ 'ಲೈಕ್ ಆಂಡ್ ಶೇರ್ ಕೌಂಟ್ಸ್' ಹುಡುಕಿ ಆನ್ ಮಾಡಿದರೆ ಬೇರೆಯವರ ಪೋಸ್ಟ್ ಕೆಳಗಿನ ಸಂಖ್ಯೆ ಕಾಣುವುದಿಲ್ಲ. ನಿಮ್ಮ ಪೋಸ್ಟಿನ ಲೆಕ್ಕ ಮಾತ್ರ ನಿಮಗೆ ಕಾಣುತ್ತಲೇ ಇರುತ್ತದೆ. ಅದನ್ನು ಇತರರಿಂದ ಮುಚ್ಚಲು ಆಯಾ ಪೋಸ್ಟಿನ ಮೂರು ಚುಕ್ಕಿ ಒತ್ತಬೇಕು.

ಸಿನಿಮಾ ತಾರೆಗೆ ಹತ್ತು ಲಕ್ಷ ಲೈಕ್ ಬಂದರೆ ಸಾಮಾನ್ಯವಾಗಿ ಯಾರ ನಿದ್ದೆಯೂ ಕೆಡುವುದಿಲ್ಲ. ಜೊತೆಯಲ್ಲೇ ಕೆಲಸಕ್ಕೆ ಸೇರಿದವರು ಬಡ್ತಿಯ ಫೋಟೊ ಹಾಕಿದಾಗ ಚುರುಕ್ ಎನ್ನುತ್ತದೆ. ಮನುಷ್ಯ ತನ್ನನ್ನು ಅಳೆದುಕೊಳ್ಳುವುದು ತನ್ನಂಥವರ ಜೊತೆಗೇ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಆ ಫೋಟೊಗೆ ಮೂರೇ ಲೈಕ್ ಬಿದ್ದಿದ್ದರೂ ಉರಿ ಉರಿಯೇ. ಬೆರಳು 'ಅಭಿನಂದನೆಗಳು' ಎಂದು ಟೈಪಿಸುತ್ತದೆ, ಅಳಿಸುತ್ತದೆ, ಕೊನೆಗೆ ಒಂದು ಹಾರ್ಟ್ ಒತ್ತಿ ಸುಮ್ಮನಾಗುತ್ತದೆ. ಆಮೇಲೆ 'ವಶೀಲಿ ಇದ್ದಿರಬೇಕು' ಎಂಬ ಮಾತು, ಅವರ ಫೋನ್ ಎತ್ತದಿರುವುದು, ಅವರು ಎಡವಿದ ಸುದ್ದಿ ಬಂದಾಗ ಒಳಗೊಳಗೇ ಹಿತ. ಈ ಕೊನೆಯದು ಮಿದುಳಿನಲ್ಲೂ ಕಾಣುತ್ತದೆ. 2009ರಲ್ಲಿ ಪ್ರಕಟವಾದ ಜಪಾನೀ ಸಂಶೋಧಕರ ಸ್ಕ್ಯಾನ್ ಅಧ್ಯಯನದಲ್ಲಿ, ಅಸೂಯೆಯ ಹೊತ್ತಿಗೆ ನೋವಿನೊಂದಿಗೆ ನಂಟಿರುವ ಭಾಗವೂ, ಅಸೂಯೆಗೆ ಗುರಿಯಾದವರಿಗೆ ಕೇಡಾದಾಗ ಬಹುಮಾನ ಸಿಕ್ಕಾಗ ಎಚ್ಚರಗೊಳ್ಳುವ ಭಾಗವೂ ಚುರುಕಾದವು. ಸಂಖ್ಯೆ ಮುಚ್ಚಿದರೆ ಇದ್ಯಾವುದೂ ನಿಲ್ಲುವುದಿಲ್ಲ. ಐದಕ್ಕೆ ಎರಡು ಅಂಕ.

ಅನ್‌ಫಾಲೋ ಮಾಡದೆಯೇ ಒಬ್ಬರ ಪೋಸ್ಟ್ ಕಣ್ಣಿಗೆ ಬೀಳದಂತೆ ಮಾಡುವ ಮ್ಯೂಟ್‌ಗೆ ನಾಲ್ಕು ಕೊಡಬಹುದು. ಉರಿ ಹುಟ್ಟಿಸುವವರ ಪ್ರೊಫೈಲ್‌ನಲ್ಲಿ 'ಫಾಲೋಯಿಂಗ್' ಒತ್ತಿ, 'ಮ್ಯೂಟ್' ಆರಿಸಿ, ಪೋಸ್ಟ್ ಮತ್ತು ಸ್ಟೋರಿ ಎರಡನ್ನೂ ಆನ್ ಮಾಡಿ. ಹಲವರು ಪೋಸ್ಟ್ ಒಂದನ್ನೇ ಆನ್ ಮಾಡಿ ಬಿಡುತ್ತಾರೆ, ದಿನವಿಡೀ ಸ್ಟೋರಿ ಚುಚ್ಚುತ್ತಲೇ ಇರುತ್ತದೆ. ಅವರಿಗೆ ಸೂಚನೆ ಹೋಗುವುದಿಲ್ಲ, ಗೆಳೆತನವೂ ಕೆಡುವುದಿಲ್ಲ. ಅನ್‌ಫಾಲೋ ಮಾಡುವುದಕ್ಕಿಂತ ಇದೇ ವಾಸಿ, ಏಕೆಂದರೆ ಉರಿ ತಣಿದ ಮೇಲೆ ಮರಳಬಹುದು.

ಇದು ಸೋಲುವುದು ಸರ್ಚ್‌ನಲ್ಲಿ. ಮ್ಯೂಟ್ ಮಾಡಿದವರ ಹೆಸರನ್ನೇ ರಾತ್ರಿ ಹುಡುಕಿ ನೋಡುವ ಚಪಲ ಬಲವಾದದ್ದು. ಹಿಂದಿನ ಹುಡುಕಾಟಗಳ ಪಟ್ಟಿಯಲ್ಲಿ ಆ ಹೆಸರು ಮೇಲೇ ಕುಳಿತಿರುತ್ತದೆ. ಮ್ಯೂಟ್ ಮಾಡಿದ ಕೂಡಲೇ ಆ ಪಟ್ಟಿಯನ್ನೂ ಅಳಿಸಿ.

ಎಲ್ಲರನ್ನೂ ಮ್ಯೂಟ್ ಮಾಡುವುದು ಮಾತ್ರ ತಪ್ಪು. 'ನನಗೂ ಹಾಗಾಗಬೇಕು' ಎನಿಸುವ ಮತ್ಸರದಿಂದ ಕೆಲಸ ಆಗುತ್ತದೆ. ಅಂಥವರನ್ನು ಉಳಿಸಿಕೊಂಡು, ನೀವು ಪಾಸಾದ ಪರೀಕ್ಷೆಗೆ ಹೇಗೆ ಓದಿದಿರಿ ಎಂದು ನೇರ ಮೆಸೇಜ್ ಮಾಡಿ ಕೇಳಿ. 'ಅವರು ಕೆಳಗೆ ಬೀಳಲಿ' ಎನಿಸುವ ಖಾತೆಗಳಿಗಷ್ಟೇ ಮ್ಯೂಟ್ ಹಾಕಿ.