ಡೇಕೇರ್ ಫೀಸಿಗೆ ಎಫ್‌ಎಸ್‌ಎ ಮೇಲೋ, ಕ್ರೆಡಿಟ್ ಮೇಲೋ? ಮೂರು ವರ್ಷ ಎರಡನ್ನೂ ಮಾಡಿ ನೋಡಿದೆವು

ಅಮೆರಿಕದಲ್ಲಿ ಡೇಕೇರ್ ಖರ್ಚಿಗೆ ತೆರಿಗೆ ಉಳಿಸಲು ಎರಡು ದಾರಿ. ಒಂದು, ತೆರಿಗೆಗೆ ಮುಂಚೆ ಸಂಬಳದಿಂದ ದುಡ್ಡು ಎತ್ತಿಡುವ ಎಫ್‌ಎಸ್‌ಎ ಖಾತೆ. ಇನ್ನೊಂದು, ಕಟ್ಟಬೇಕಾದ ತೆರಿಗೆಯಲ್ಲೇ ಕಡಿತ ಕೊಡುವ ಕ್ರೆಡಿಟ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಫ್‌ಎಸ್‌ಎಗೆ. ಪೆಟ್ಟು ತಿಂದಿದ್ದೂ ಅದರಿಂದಲೇ, ಆದರೂ ಅದಕ್ಕೇ.

ನಾವಿರುವುದು ಡಲ್ಲಾಸ್ ಹತ್ತಿರ. ಗಂಡನದು ಎಚ್-1ಬಿ, ಅಂದರೆ ಕೆಲಸದ ವೀಸಾ; ನಾನು ಎಚ್-4, ಅಂದರೆ ಅವರ ಅವಲಂಬಿತರ ವೀಸಾದಲ್ಲಿ ಬಂದವಳು. 2023, 2024 ಎರಡೂ ವರ್ಷ ಮಾಸ್ಟರ್ಸ್ ಓದಿದೆ. 2025ರ ಶುರುವಿನಲ್ಲಿ ಕೆಲಸದ ಪರವಾನಗಿ ಇಎಡಿ ಕೈಗೆ ಬಂತು, ಕೆಲಸಕ್ಕೆ ಸೇರಿದೆ. ಮೂರೂ ವರ್ಷ ಮಗಳು ಡೇಕೇರ್‌ನಲ್ಲಿ, ತಿಂಗಳಿಗೆ 1,250 ಡಾಲರ್. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಹಾಗಾಗಿ ಇಲ್ಲಿರುವುದೆಲ್ಲ ಫೆಡರಲ್ ಲೆಕ್ಕ.

ಕ್ರೆಡಿಟ್ ಸುಲಭ. ರಿಟರ್ನ್ ಜೊತೆ ಫಾರ್ಮ್ 2441 ತುಂಬಿದರೆ ಮುಗಿಯಿತು. 13 ತುಂಬದ ಮಗು ಒಂದಿದ್ದರೆ 3,000 ಡಾಲರ್ ಖರ್ಚಿನ ತನಕ, ಎರಡೋ ಜಾಸ್ತಿಯೋ ಇದ್ದರೆ 6,000ದ ತನಕ ಒಪ್ಪುತ್ತಾರೆ. 2025ರವರೆಗಿನ ನಿಯಮದಲ್ಲಿ, ಆದಾಯ 43,000 ದಾಟಿದ ಮನೆಗೆ ಅದರ 20% ಮಾತ್ರ. ಒಂದು ಮಗುವಿಗೆ 600 ಡಾಲರ್. ವರ್ಷಕ್ಕೆ 15,000 ಕಟ್ಟುವವರಿಗೆ 600! ಒಂದು ತಿಂಗಳ ಫೀಸಿನ ಅರ್ಧವೂ ಆಗಲಿಲ್ಲ ಅಲ್ವಾ.

ಎಫ್‌ಎಸ್‌ಎ ಕಂಪನಿಯ ಮೂಲಕ ಬರುವುದು. ತೆರಿಗೆ ಹಾಕುವ ಮುಂಚೆಯೇ ಸಂಬಳದಿಂದ ದುಡ್ಡು ಎತ್ತಿಡುತ್ತಾರೆ, ಡೇಕೇರ್ ರಸೀದಿ ಕೊಟ್ಟಾಗ ವಾಪಸ್ ಕೊಡುತ್ತಾರೆ. 2025ರ ತನಕ ಮನೆಗೆ 5,000 ಮಿತಿ ಇತ್ತು. ನಾವು 22% ಸ್ಲ್ಯಾಬ್‌ನಲ್ಲಿದ್ದೇವೆ. ಅದರ ಮೇಲೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂದು ಹೋಗುವ 7.65% ಕೂಡ ಉಳಿಯುತ್ತದೆ. ಒಟ್ಟು ಸುಮಾರು 1,480 ಡಾಲರ್. ಕ್ರೆಡಿಟ್‌ನ ಎರಡು ಪಟ್ಟಿಗಿಂತ ಜಾಸ್ತಿ. ಎರಡನ್ನೂ ಪೂರ್ತಿ ಬಾಚಿಕೊಳ್ಳೋಣ ಅಂದರೆ ಆಗಲ್ಲ. ಎಫ್‌ಎಸ್‌ಎನಲ್ಲಿ ತೆರಿಗೆ ಮಾಫಿಯಾದ ಮೊತ್ತವನ್ನು ಕ್ರೆಡಿಟ್‌ನ ಆ 3,000ದಲ್ಲಿ ಕಳೆಯುತ್ತಾರೆ.

2023ರಲ್ಲಿ ಬರೀ ಕ್ರೆಡಿಟ್ ತಗೊಂಡೆವು. ಆಲೋಚನೆ ಮಾಡಿ ಅಲ್ಲ, ವರ್ಷಕ್ಕೊಮ್ಮೆ ಕಂಪನಿಯ ಸವಲತ್ತು ಆರಿಸಿಕೊಳ್ಳುವ ಓಪನ್ ಎನ್‌ರೋಲ್‌ಮೆಂಟ್‌ನ ಇಮೇಲನ್ನು ಗಂಡ ತೆರೆದೇ ನೋಡಿರಲಿಲ್ಲ. ಬಂದಿದ್ದು 450 ಡಾಲರ್. 600 ಯಾಕೆ ಬರಲಿಲ್ಲ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಮುಂದಿನ ವರ್ಷ ಗಂಡನ ಆಫೀಸಿನವರೆಲ್ಲ 5,000 ಹಾಕುತ್ತಾರೆ ಎಂದು ನಾವೂ ಕಣ್ಣು ಮುಚ್ಚಿ 5,000 ಹಾಕಿದೆವು.

2025ರ ಫೆಬ್ರವರಿ, ಒಂದು ಭಾನುವಾರ ರಾತ್ರಿ. ಮಗಳು ಮಲಗಿದ ಮೇಲೆ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು 2024ರ ರಿಟರ್ನ್ ತುಂಬಲು ಕೂತೆವು. ಗಂಡನ ಕಂಪನಿ ಕೊಟ್ಟ ವರ್ಷದ ಸಂಬಳದ ಪತ್ರ ಡಬ್ಲ್ಯು-2ನಲ್ಲಿ ಬಾಕ್ಸ್ 10, ಅದರಲ್ಲಿ 5,000. ಹಾಕಿದೆವು. ಡೇಕೇರ್ ಹೆಸರು, ಅವರ ತೆರಿಗೆ ನಂಬರು, ಕಟ್ಟಿದ ಫೀಸು. ಹಾಕಿದೆವು. ನಂತರ ನನ್ನ ಸಂಪಾದನೆ ಕೇಳಿತು. ಸೊನ್ನೆ. ಎಷ್ಟು ತಿಂಗಳು ಫುಲ್‌ಟೈಮ್ ಓದಿದಿರಿ? ಜನವರಿಯಿಂದ ಮೇ, ಸೆಪ್ಟೆಂಬರ್‌ನಿಂದ ಡಿಸೆಂಬರ್, ಒಟ್ಟು ಒಂಬತ್ತು. ಎಂಟರ್ ಒತ್ತಿದರೆ ಫಾರ್ಮಿನಲ್ಲಿ 2,750 ಡಾಲರ್ ತೆರಿಗೆಗೆ ಸೇರಿಕೊಂಡು ಕೂತಿದೆ. ಸಾಫ್ಟ್‌ವೇರ್ ತಪ್ಪು ಮಾಡಿದೆ ಅಂದುಕೊಂಡು ಮೂರು ಸಲ ಅಳಿಸಿ ತುಂಬಿದೆ. ಮೂರು ಸಲವೂ ಅದೇ 2,750.

ವಿಷಯ ಇಷ್ಟೇ. ಕ್ರೆಡಿಟ್ ಆಗಲಿ ಎಫ್‌ಎಸ್‌ಎ ಆಗಲಿ, ಗಂಡ ಹೆಂಡತಿಯಲ್ಲಿ ಯಾರ ಸಂಪಾದನೆ ಕಡಿಮೆಯೋ ಅದನ್ನು ದಾಟಿ ಲಾಭ ಕೊಡುವುದಿಲ್ಲ. ವರ್ಷದಲ್ಲಿ ಕನಿಷ್ಠ ಐದು ತಿಂಗಳು ಫುಲ್‌ಟೈಮ್ ಓದಿದವರಿಗೆ ಒಂದು ರಿಯಾಯಿತಿ ಉಂಟು. ಓದಿದ ಪ್ರತಿ ತಿಂಗಳಿಗೂ ಇಷ್ಟು ಸಂಪಾದಿಸಿದರು ಎಂದು ಸುಮ್ನೆ ಅಂದುಕೊಳ್ಳುತ್ತಾರೆ. ಒಂದು ಮಗುವಿದ್ದರೆ 250 ಡಾಲರ್, ಎರಡೋ ಜಾಸ್ತಿಯೋ ಇದ್ದರೆ 500. ಲೈಬ್ರರಿಯಲ್ಲಿ ರಾತ್ರಿ ಹನ್ನೊಂದರ ತನಕ ಕೂತ ನನಗೆ ಸರ್ಕಾರ ಕಟ್ಟಿದ ಸಂಬಳ ತಿಂಗಳಿಗೆ 250! ಒಂಬತ್ತು ತಿಂಗಳಿಗೆ 2,250. ಅಷ್ಟಕ್ಕೆ ಮಾತ್ರ ತೆರಿಗೆ ಮಾಫಿ, ಉಳಿದ 2,750ಕ್ಕೆ ಎಂದಿನಂತೆ 22%, ಅಂದರೆ 605 ಡಾಲರ್. 2023ರ 450 ಬಂದಿದ್ದೂ ಹೀಗೆಯೇ, 2,250ರ 20%.

ಬೇಸಿಗೆ ರಜೆಯ ಮೂರು ತಿಂಗಳು ಇನ್ನೂ ಹೊಟ್ಟೆ ಉರಿಸಿತು. ಸೀಟು ಹೋಗುತ್ತದೆ ಎಂದು ಜೂನ್, ಜುಲೈ, ಆಗಸ್ಟ್ ಪೂರ್ತಿ ಫೀಸು ಕಟ್ಟಿದ್ದೆವು. ಆಗ ನಾನು ಓದುತ್ತಲೂ ಇರಲಿಲ್ಲ, ದುಡಿಯುತ್ತಲೂ ಇರಲಿಲ್ಲ. ಆ 3,750 ಡಾಲರ್ ಲೆಕ್ಕಕ್ಕೇ ಬರಲಿಲ್ಲ.

ನಿಜ ಹೇಳಬೇಕೆಂದರೆ ಇದು ನಷ್ಟವಲ್ಲ. ಆ 2,750ರ ಮೇಲಿನ 7.65% ಹೇಗೂ ಉಳಿದಿತ್ತು. 3,000ದಲ್ಲಿ 2,250 ಕಳೆದು ಉಳಿದ 750ಕ್ಕೆ 150 ಡಾಲರ್ ಕ್ರೆಡಿಟ್ ಕೂಡ ಸಿಕ್ಕಿತು. ಆದರೆ ರಿಫಂಡ್ ನಂಬಿಕೊಂಡು ಮಾರ್ಚ್‌ಗೆ ಬೆಂಗಳೂರಿನ ಟಿಕೆಟ್ ನೋಡಿಟ್ಟಿದ್ದೆವು. ಅದು ಬಿತ್ತು. ಈಗ ಓದುತ್ತಿರುವವರು ನನ್ನನ್ನು ಕೇಳಿದರೆ, ಓದುವ ತಿಂಗಳುಗಳನ್ನು 250ರಿಂದ ಗುಣಿಸಿ ಅಷ್ಟೇ ಹಾಕಿ ಅನ್ನುತ್ತೇನೆ. ಬರೀ ಆನ್‌ಲೈನ್ ಕಾಲೇಜಾದರೆ ಅದೂ ನಡೆಯಲ್ಲ.

ಉಳಿದ ಕಿರಿಕಿರಿಗಳು ಸಣ್ಣವು. ಎಫ್‌ಎಸ್‌ಎನಲ್ಲಿ ಫೀಸು ಒಂದನೇ ತಾರೀಕು ಕಟ್ಟಿದರೂ ಆ ತಿಂಗಳು ಮಗು ಹೋಗಿ ಮುಗಿಯುವ ತನಕ ದುಡ್ಡು ವಾಪಸಿಲ್ಲ. ಕೈಯಲ್ಲಿ ಒಂದು ತಿಂಗಳ ಫೀಸು ಮಿಕ್ಕಿರಬೇಕು. ವರ್ಷ ಮುಗಿಯುವುದರೊಳಗೆ ಖರ್ಚಾಗದ ದುಡ್ಡು ಮುಳುಗುತ್ತದೆ, ಕೆಲವು ಕಂಪನಿಗಳು ಎರಡೂವರೆ ತಿಂಗಳು ಹೆಚ್ಚಿಗೆ ಕೊಡುತ್ತವೆ. ಇನ್ನು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಆಂಟಿಯರು. ತೆರಿಗೆ ನಂಬರು ಕೊಡುತ್ತಾರಾ ಎಂದು ಮೊದಲ ದಿನವೇ ಕೇಳಿ, ಎರಡೂ ದಾರಿಗೆ ಅದು ಬೇಕು. ಮಗುವಿಗೆ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರು) ಇಲ್ಲದಿದ್ದರೆ ಐಟಿಐಎನ್ (ತೆರಿಗೆಗೆಂದೇ ಕೊಡುವ ನಂಬರು) ಆದರೂ ಕ್ರೆಡಿಟ್‌ಗೆ ಸಾಕು.

2026ರಿಂದ ಎಫ್‌ಎಸ್‌ಎ ಮಿತಿ 7,500ಕ್ಕೆ ಏರಿದೆ, ಕಂಪನಿ ಒಪ್ಪಿಕೊಂಡಿದ್ದರೆ. ಕ್ರೆಡಿಟ್ ಕೂಡ ಸುಧಾರಿಸಿದೆ. ಜಂಟಿ ರಿಟರ್ನ್‌ನಲ್ಲಿ ಆದಾಯ 1,50,000ದ ಒಳಗಿದ್ದರೆ ಕನಿಷ್ಠ 35%. ಎರಡು ಮಕ್ಕಳಿಗೆ 2,100 ಡಾಲರ್. ಎರಡು ಮಕ್ಕಳಿದ್ದು 12% ಸ್ಲ್ಯಾಬ್‌ನಲ್ಲಿರುವವರಿಗೆ ಈಗ ಕ್ರೆಡಿಟ್ಟೇ ಮೇಲು, 7,500 ಹಾಕಿದರೂ ಅವರಿಗೆ ಉಳಿಯುವುದು 1,470ರ ಆಸುಪಾಸು. ನಮಗೆ ಒಂದೇ ಮಗು, ಎರಡು ಸಂಬಳ. ಪ್ರತಿ ತಿಂಗಳು ರಸೀದಿ ಹಾಕುವುದು ನನಗೆ ಕರೆಂಟ್ ಬಿಲ್ ಕಟ್ಟಿದಷ್ಟೇ ಅಭ್ಯಾಸವಾಗಿದೆ. 7,500 ಹಾಕಿದ್ದೇವೆ.

ಅಷ್ಟರಲ್ಲಿ ಅಮ್ಮ ಮೇ ತಿಂಗಳಲ್ಲಿ ಆರು ತಿಂಗಳಿಗೆ ಬರುತ್ತೇನೆ ಅಂದರು. ಡೇಕೇರ್ ಏಪ್ರಿಲ್‌ಗೇ ಬಿಡಿಸಿ ಆ ವರ್ಷ ಮತ್ತೆ ಸೇರಿಸದಿದ್ದರೆ ಖರ್ಚು 5,000, ಬಾಕಿ 2,500 ನೀರಿಗೆ. ಅಮ್ಮನಿಗೇ ಸಂಬಳ ಕೊಟ್ಟು ತೋರಿಸೋಣ ಎಂದು ಗಂಡ ನಕ್ಕರು. ಬಿ-2 ಪ್ರವಾಸಿ ವೀಸಾದಲ್ಲಿ ಬಂದವರು ದುಡಿಯುವ ಹಾಗಿಲ್ಲ. ಆದರೆ ಮಗುವನ್ನು ನೋಡಿಕೊಳ್ಳುವವರು ಬದಲಾದರೆ ವರ್ಷದ ನಡುವೆಯೂ ಕಡಿತ ಇಳಿಸಲು ನಿಯಮದಲ್ಲಿ ಜಾಗ ಇದೆ, ತಡಮಾಡದೆ ಹೇಳಬೇಕು ಅಷ್ಟೇ. ಟಿಕೆಟ್ ಬುಕ್ ಆಯಿತು, ಸಾರಿನ ಪುಡಿ ಎಷ್ಟು ತರಲಿ ಎಂದು ಅಮ್ಮ ಫೋನ್ ಮಾಡಿದಾಗ ಗಂಡನ ಎಚ್‌ಆರ್‌ಗೆ ಕಳಿಸುವ ಮೇಲನ್ನು ನಾನು ಅರ್ಧ ಬರೆದಾಗಿತ್ತು.