ಟೋಸ್ಟ್ ಸ್ಯಾಂಡ್‌ವಿಚ್: ಕಾಳಿದಾಸ ರಸ್ತೆಯೋ, ಸರಸ್ವತಿಪುರಂ ಕಡೆಯೋ?

ಒಂದೇ ಹೆಸರಿನ ಫಲಕ, ಒಂದೇ ಹಸಿರು ಚಟ್ನಿ. ಆದರೂ ಮೈಸೂರಿನ ಈ ಎರಡು ಮಳಿಗೆಗಳಿಗೆ ಏಳೆಂಟು ಬಾರಿ ಹೋದ ಮೇಲೆ ನನ್ನ ಮತ ಸರಸ್ವತಿಪುರಂನದಕ್ಕೆ. ಅಲ್ಲಿ ಹಿಡಿಯಿರುವ ಟೋಸ್ಟರನ್ನು ನೇರ ಉರಿಯ ಮೇಲೆ ಇಟ್ಟು ಮಗುಚುತ್ತಾರೆ. ಬ್ರೆಡ್ಡಿನ ಅಂಚು ಒತ್ತಿ ಮುಚ್ಚಿಕೊಳ್ಳುವುದರಿಂದ ಆಲೂಗಡ್ಡೆ ಪಲ್ಯದ ಬಿಸಿ ಒಳಗೇ ಉಳಿಯುತ್ತದೆ. ಬೆಣ್ಣೆ ಸವರಿದ ಹೊರಮೈ ಕೆಂಪಗೆ ಗರಿಗರಿಯಾಗುತ್ತದೆ. ಮೊದಲ ತುತ್ತಿಗೆ ನಾಲಿಗೆ ಸುಡುವುದು ಖಂಡಿತ. ನಾನಂತೂ ಇನ್ನೂ ಬುದ್ಧಿ ಕಲಿತಿಲ್ಲ.

ಕಾಳಿದಾಸ ರಸ್ತೆಯಲ್ಲಿರುವುದು ವಿದ್ಯುತ್ ಗ್ರಿಲ್. ಮೇಲೂ ಕೆಳಗೂ ಒಟ್ಟಿಗೇ ಕಾಯುತ್ತದೆ, ಒಂದೇ ಸಲಕ್ಕೆ ನಾಲ್ಕು ಹಿಡಿಸುತ್ತದೆ, ಕಾಯುವ ಗೋಳಿಲ್ಲ. ಆದರೆ ಸೌತೆಕಾಯಿ, ಟೊಮೆಟೊ ಹಾಕಿಸಿದರೆ ನೀರು ಬಿಟ್ಟು ಬ್ರೆಡ್ ಮೆತ್ತಗಾಗುತ್ತದೆ. ಕಟ್ಟಿಸಿಕೊಂಡು ಮನೆಗೆ ಒಯ್ದರಂತೂ ಕಥೆ ಮುಗಿಯಿತು. ಕಚೇರಿಯ ಬಿಡುವು 15 ನಿಮಿಷವಷ್ಟೇ ಎಂದಾದರೆ ಅಲ್ಲಿಗೇ ಹೋಗಿ. ಚೀಸ್ ಮತ್ತು ಜೋಳದ್ದನ್ನು ಕೇಳಿ, ನಿಂತಲ್ಲೇ ತಿನ್ನಿ.