ಕೆಲಸದ ಜೊತೆ ಆನ್‌ಲೈನ್ ಡಿಗ್ರಿಯೋ, ಕೆಲಸ ಬಿಟ್ಟು ಬಿಇಯೋ?

ಡಿಪ್ಲೊಮಾ ಮುಗಿಸಿದ ಕೂಡಲೇ ಬೆಂಗಳೂರಿಗೆ ಬಂದು ಕೋಡ್ ಬರೆಯಲು ಕೂತವರಲ್ಲಿ ನಾನೂ ಒಬ್ಬ. ಕೆಲವೇ ವರ್ಷಗಳಲ್ಲಿ ಲ್ಯಾಪ್‌ಟಾಪ್ ತೆರೆಯಲೂ ಮನಸ್ಸಾಗದಷ್ಟು ಸುಸ್ತಾಗಿ ಹೋಗಿದ್ದೆ. ಈ ಸ್ಥಿತಿಯಲ್ಲಿ ಇರುವವರೆಲ್ಲ ಕೇಳುವುದು ಒಂದೇ: ‘ವಾಪಸ್ ಓದೋಕೆ ಹೋಗ್ಲಾ?’ ನಾನು ಎರಡೂ ದಾರಿ ಹಿಡಿದು ನೋಡಿದೆ. ಮೊದಲು ಕೆಲಸದ ಜೊತೆಗೇ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಪದವಿ (ಡೇಟಾ ಸೈನ್ಸ್). ಆಮೇಲೆ ರಾಜೀನಾಮೆ ಕೊಟ್ಟು, ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು, ನೇರ ಎರಡನೇ ವರ್ಷದ ಬಿಇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದಣಿದಿರುವಾಗ ಕೆಲಸದ ಜೊತೆ ಡಿಗ್ರಿ ಬೇಡ. ಮೊದಲು ವಿಶ್ರಾಂತಿ. ಆಮೇಲೂ ಓದುವ ಆಸೆ ಉಳಿದಿದ್ದು, ದುಡ್ಡಿನ ಅನುಕೂಲವೂ ಇದ್ದರೆ ತರಗತಿಯಲ್ಲಿ ಕೂತು ಓದಿ.

ಐಐಟಿ ಮದ್ರಾಸಿನ ಕೋರ್ಸ್ ಬಗ್ಗೆ ನನಗೆ ಗೌರವ ಇದೆ. 2021ರಲ್ಲಿ ಶುರುವಾದದ್ದು. ಜೆಇಇ ಬೇಕಿಲ್ಲ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಸೀಟು. ಫೌಂಡೇಶನ್ ಹಂತದಲ್ಲಿ 8 ಕೋರ್ಸ್, ಅದಾದ ಮೇಲೆ ಡಿಪ್ಲೊಮಾ, ನಂತರ ಡಿಗ್ರಿ. ಮಧ್ಯೆ ನಿಲ್ಲಿಸಿದರೂ ಆಯಾ ಹಂತದ ಪ್ರಮಾಣಪತ್ರ ಸಿಗುತ್ತದೆ. ಪಾಠಗಳು ನಿಜಕ್ಕೂ ಚೆನ್ನಾಗಿವೆ. ಸ್ಟ್ಯಾಟಿಸ್ಟಿಕ್ಸ್ ನನಗೆ ಮೊದಲ ಸಲ ಅರ್ಥವಾಗಿದ್ದು ಅಲ್ಲೇ.

ಆದರೆ ಅದೂ ಪರದೆಯೇ ಅಲ್ವಾ? ಆಫೀಸಿನಲ್ಲಿ ಇಡೀ ದಿನ ನೋಡಿದ್ದನ್ನೇ ಪಿಜಿ ರೂಮಿಗೆ ಬಂದು ಮತ್ತೆ ತೆರೆಯಬೇಕು. ಪ್ರತಿ ವಾರ ಅಸೈನ್‌ಮೆಂಟಿಗೆ ಕೊನೆಯ ದಿನ ಇರುತ್ತದೆ. ಕ್ವಿಜ್, ಎಂಡ್ ಟರ್ಮ್‌ಗಳನ್ನು ಭಾನುವಾರ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯಬೇಕು. ಒಂದು ಕ್ವಿಜ್‌ನ ಹಿಂದಿನ ರಾತ್ರಿ ನನ್ನ ಆನ್-ಕಾಲ್ ಸರದಿ (ಯಾವ ಹೊತ್ತಿಗೆ ಕರೆ ಬಂದರೂ ಕೆಲಸಕ್ಕೆ ಕೂರುವ ಪಾಳಿ) ಬಿತ್ತು. ಬೆಳಗಿನ ಜಾವದವರೆಗೂ ಸರ್ವರ್ ಸರಿ ಮಾಡಿ, ನಿದ್ದೆಗಣ್ಣಲ್ಲೇ ಹೋಗಿ ಬರೆದೆ. ವಾರಕ್ಕೆ ಇದ್ದ ಒಂದು ರಜೆಯೂ ಹೀಗೆ ಹೋದರೆ ದಣಿವು ಕಳೆಯುವುದು ಯಾವಾಗ?

ಕೆಲಸ ಬಿಟ್ಟ ಮೇಲೆ ಊರಿಗೆ ಹೋಗಿ ಕೆಲವು ತಿಂಗಳು ಸುಮ್ನೆ ಇದ್ದೆ. ಇದನ್ನು ಯಾರೂ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಹೀಗೆ ಪೂರ್ತಿ ಬಸವಳಿಯುವುದನ್ನು, ಕೆಲಸದ ಒತ್ತಡಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು. ಅಂದಮೇಲೆ ಆ ಒತ್ತಡವನ್ನು ಹಾಗೇ ಇಟ್ಟುಕೊಂಡು ಮೇಲೊಂದು ಡಿಗ್ರಿ ಹೇರಿಕೊಂಡರೆ ಏನು ಸರಿಹೋದೀತು? ಮನಸ್ಸು ತೀರಾ ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಬಿಇ. ಇಲ್ಲಿ ಬೇಸರದ ಸಂಗತಿಗಳು ಬೇಕಾದಷ್ಟಿವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದ ಪ್ರಕಾರ ಶೇ 85 ಹಾಜರಾತಿ ಬೇಕು. ಕಂಪ್ಯೂಟರಿನಲ್ಲಿ ಓಡಿಸಿದ ಪ್ರೋಗ್ರಾಮನ್ನೇ ಕೈಯಲ್ಲಿ ರೆಕಾರ್ಡ್ ಪುಸ್ತಕಕ್ಕೆ ಬರೆಯಬೇಕು. ಡಿಪ್ಲೊಮಾದಿಂದ ಬಂದವರಿಗೆ ಗಣಿತ ಬೆವರಿಳಿಸುತ್ತದೆ. ಹೊಸ ತಂತ್ರಜ್ಞಾನ ಕಲಿಸುತ್ತಾರೆ ಅಂತ ಹೋದರೆ ನಿರಾಸೆ ಖಂಡಿತ.

ನನಗೆ ಸಿಕ್ಕಿದ್ದೇ ಬೇರೆ. ಹಿಂದೆ ನಾನಿದ್ದ ಕಂಪನಿಯಲ್ಲಿ ಡೇಟಾಬೇಸಿನಲ್ಲಿ ಗ್ರಾಹಕರ ಹೆಸರು ಹುಡುಕುವ ಕ್ವೆರಿ (ಹುಡುಕಾಟದ ಆದೇಶ) ಸದಾ ನಿಧಾನ. ಹುಡುಕುವ ಪದದ ಶುರುವಿಗೇ ಪರ್ಸೆಂಟ್ ಚಿಹ್ನೆ (‘ಇಲ್ಲಿ ಯಾವ ಅಕ್ಷರ ಬೇಕಾದರೂ ಇರಲಿ’ ಅಂತ ಅರ್ಥ) ಹಾಕಿದರೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಇರುವ ಸೂಚಿ, ಕೆಲಸಕ್ಕೆ ಬರುವುದಿಲ್ಲ ಅಂತ ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ, ತಿಳಿದುಕೊಳ್ಳಲು ಪುರುಸೊತ್ತೂ ಇರಲಿಲ್ಲ. ಡಿಬಿಎಂಎಸ್ (ಡೇಟಾಬೇಸ್) ಕ್ಲಾಸಿನಲ್ಲಿ ಮೇಡಂ ಬೋರ್ಡ್ ಮೇಲೆ ಬಿ ಪ್ಲಸ್ ಟ್ರೀ, ಅಂದರೆ ಇಂಡೆಕ್ಸಿನ ಮರದಂಥ ರಚನೆ, ಬಿಡಿಸಿದರು. ಕೀಗಳು (ಇಲ್ಲಿ ಹೆಸರುಗಳು) ಅಕ್ಷರಾನುಕ್ರಮದಲ್ಲಿ ಸಾಲಾಗಿ ಕೂತಿವೆ. ಮೊದಲ ಅಕ್ಷರವೇ ಗೊತ್ತಿಲ್ಲದಿದ್ದರೆ ಮೇಲಿನ ನೋಡ್‌ನಿಂದ (ಕವಲಿನಿಂದ) ಎಡಕ್ಕೆ ಇಳಿಯಬೇಕೋ ಬಲಕ್ಕೋ ಅಂತ ತೀರ್ಮಾನಿಸಲು ಆಗುವುದೇ ಇಲ್ಲ! ಹಾಗಾಗಿ ಇಡೀ ಟೇಬಲ್ ಜಾಲಾಡಬೇಕು. ಅವತ್ತು ಆದ ಖುಷಿ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಮೊದಲು ಪ್ರೋಗ್ರಾಮಿಂಗ್ ಇಷ್ಟವಾಗಿದ್ದು ಇಂಥ ಕ್ಷಣಗಳಿಗೇ.

ಇನ್ನೊಂದು ಲಾಭ, ದಿನಕ್ಕೊಂದು ಕೊನೆ ಇದೆ. ಸಂಜೆ ಕ್ಲಾಸ್ ಮುಗಿದರೆ ಮುಗಿಯಿತು. ಫೋನ್ ಹೊಡೆದುಕೊಳ್ಳುವುದಿಲ್ಲ. ಕ್ಯಾಂಟೀನಿನಲ್ಲಿ ಕೂತು ಮಾತಾಡಲು ಜನ ಇರುತ್ತಾರೆ. ಸಣ್ಣ ವಯಸ್ಸಿಗೇ ದುಡಿಮೆಗೆ ಇಳಿದವರಿಗೆ ಇದು ಎಷ್ಟು ದೊಡ್ಡದು ಅಂತ ನಮಗೇ ಗೊತ್ತು.

ಪದವಿಯ ಕಾಗದಕ್ಕೆ ಬೆಲೆ ಇದೆಯಾ? ಇದೆ. ಡಿಗ್ರಿ ಕೇಳುವ ಸರ್ಕಾರಿ ಹುದ್ದೆಗೆ, ಅಮೆರಿಕದಲ್ಲಿ ಕೆಲಸ ಮಾಡಲು ಬೇಕಾದ ಎಚ್-1ಬಿ ವೀಸಾಗೆ ಸಾಮಾನ್ಯವಾಗಿ ಬೇಕಾಗುತ್ತದೆ. ಆ ಕಾಗದ ಮಾತ್ರ ಬೇಕಿದ್ದರೆ, ಸಂಬಳ ನಿಲ್ಲದ ಕಾರಣ, ಆನ್‌ಲೈನೇ ಅಗ್ಗ.

ಮನೆ ನಿಮ್ಮ ಸಂಬಳದ ಮೇಲೇ ನಡೆಯುತ್ತಿದ್ದರೆ ಬಿಇಗೆ ಹೋಗಿ ಅಂತ ನಾನು ಹೇಳಲಾರೆ. ಮೂರು ವರ್ಷ ಆದಾಯ ಇರುವುದಿಲ್ಲ, ಮೇಲೆ ಫೀಸು ಬೇರೆ. ಆನ್‌ಲೈನನ್ನೇ ಆರಿಸಿ. ಆದರೆ ಮೊದಮೊದಲು ಒಂದು ಟರ್ಮ್‌ಗೆ ಒಂದೇ ಕೋರ್ಸ್ ತೆಗೆದುಕೊಳ್ಳಿ. ಸೀಟು ಹಿಡಿಯುವ ಮುಂಚೆ ಮ್ಯಾನೇಜರ್ ಹತ್ತಿರ ಮಾತಾಡಿ, ಪರೀಕ್ಷೆ ಇರುವ ವಾರಾಂತ್ಯಗಳಲ್ಲಿ ಆನ್-ಕಾಲ್ ಬೇಡ ಎಂದು ಇಮೇಲಿನಲ್ಲಿ ಒಪ್ಪಿಗೆ ಪಡೆಯಿರಿ. ಅಷ್ಟಕ್ಕೂ ಒಪ್ಪದ ಕಡೆ ಇದ್ದರೆ, ಡಿಗ್ರಿಗಿಂತ ಮೊದಲು ಬೇರೆ ಕೆಲಸ ಹುಡುಕಿ.